ಕದನವಿರಾಮ: ಎಡೆದೊರೆ ನಾಡಿನಿಂದ ಒಂದು ನೋಟ

ಹೋರಾಡುತ್ತಿರುವ ಪಕ್ಷಗಳು ಆಯುಧವನ್ನು ಕೆಳಗಿಡದೆ ಅದರ ಬಳಕೆಯನ್ನಷ್ಟೇ ನಿಲ್ಲಿಸುವುದಕ್ಕೆ ಕದನವಿರಾಮ ಎಂದು ಹೆಸರು. ಅದು ಎರಡೂ ಕಡೆಯವರು ಕೂತು ಮಾಡಿಕೊಂಡ ಒಪ್ಪಂದವಾಗಿರಬಹುದು, ಒಂದು ಕಡೆಯವರು ತಾವಾಗಿ ಸಾರಿದ ಘೋಷಣೆಯಾಗಿರಬಹುದು, ಮೂರನೆಯವರ ಒತ್ತಾಯಕ್ಕೆ ಮಣಿದದ್ದೂ ಆಗಿರಬಹುದು. ಕೆಲವು ಗಂಟೆಗಳಲ್ಲಿ ಮುಗಿದವುಗಳಿವೆ, ದಶಕಗಟ್ಟಲೆ ಎಳೆದವುಗಳಿವೆ. ಯುದ್ಧಕ್ಕೆ ಕಾರಣವಾದ ಜಗಳ ಮಾತ್ರ ಇದ್ದಲ್ಲೇ ಇರುತ್ತದೆ. ಗೆದ್ದವರಾರು, ಸೋತವರಾರು, ನೆಲ ಯಾರದು ಎಂಬ ಪ್ರಶ್ನೆಗಳಿಗೆ ಕದನವಿರಾಮದಲ್ಲಿ ಉತ್ತರ ಇರುವುದಿಲ್ಲ.

ಈ ಪದದ ಅರ್ಥವನ್ನು ಕನ್ನಡ ನಾಡಿನಲ್ಲಿ ನಿಂತು ತಿಳಿಯಬೇಕೆಂದರೆ ರಾಯಚೂರು ಜಿಲ್ಲೆಗಿಂತ ಒಳ್ಳೆಯ ಜಾಗ ಸಿಗಲಾರದು. ಕೃಷ್ಣೆ ಮತ್ತು ತುಂಗಭದ್ರೆಯರ ನಡುವಿನ ಈ ಎರೆಭೂಮಿಯನ್ನು ಹಳೆಯ ಶಾಸನಗಳು ಎಡೆದೊರೆ ನಾಡು ಎಂದವು. ಪಾರಸಿ ಬಲ್ಲವರು ದೋಆಬ್ ಎಂದರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಸಂತೆಕಲ್ಲೂರು ಈ ನಾಡಿನ ಒಳಭಾಗದ ಊರು. ಘನಮಠದ ನಾಗಭೂಷಣ ಶಿವಯೋಗಿಗಳಿಂದಾಗಿ, ಬೇಸಾಯವನ್ನು ಕುರಿತ ಅವರ ‘ಕೃಷಿ ಜ್ಞಾನ ಪ್ರದೀಪಿಕೆ’ಯಿಂದಾಗಿ ಅದರ ಹೆಸರು ದೂರದವರಿಗೂ ಗೊತ್ತು. ಉಳುವವರ ಈ ಸೀಮೆಯನ್ನು ಚೋಳರು, ಚಾಲುಕ್ಯರು, ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ಸಾಲುಸಾಲಾಗಿ ತುಳಿದರು. ಅಷ್ಟು ಯುದ್ಧ ನಡೆದ ನೆಲದಲ್ಲಿ ಯುದ್ಧ ನಿಂತ ಸಂದರ್ಭಗಳೂ ಅಷ್ಟೇ ಇವೆ. ಈ ಭಾಗದವರು ವರ್ಷವರ್ಷ ಬಾವುಟ ಹಾರಿಸಿ ಆಚರಿಸುವ ಸೆಪ್ಟೆಂಬರ್ 17 ಕೂಡ ಲೆಕ್ಕಕ್ಕೆ ಒಂದು ಕದನವಿರಾಮದ ದಿನಾಂಕವೇ.

ಮೊದಲು ಪದದ ಬಳಕೆ. ‘ಕದನ’ ಹಳಗನ್ನಡ ಕಾವ್ಯದಲ್ಲಿ ಮತ್ತೆ ಮತ್ತೆ ಬರುವ ಮಾತು. ‘ವಿರಾಮ’ಕ್ಕೆ ಶಾಲೆಯ ಘಂಟೆಯ ನೆನಪಿದೆ, ವ್ಯಾಕರಣದ ಅಲ್ಪವಿರಾಮ ಪೂರ್ಣವಿರಾಮಗಳ ನೆನಪಿದೆ. ಇವೆರಡನ್ನು ಕೂಡಿಸಿದ ಪದ ಇಂದು ಬಹುಮಟ್ಟಿಗೆ ಪತ್ರಿಕೆಗಳ ಪದ. ಕದನವಿರಾಮ ಘೋಷಣೆ, ಕದನವಿರಾಮ ಉಲ್ಲಂಘನೆ ಎಂಬ ಎರಡು ಶೀರ್ಷಿಕೆಗಳು ಒಂದರ ಹಿಂದೆ ಒಂದು ಬಂದು ಓದುಗರಿಗೆ ಪದವನ್ನು ಕಲಿಸಿದವು. ಪಕ್ಷದೊಳಗಿನ ಬಣಗಳು ಕೆಲವು ದಿನ ಹೇಳಿಕೆ ಕೊಡುವುದನ್ನು ನಿಲ್ಲಿಸಿದರೂ ವರದಿಗಾರರು ಇದೇ ಪದವನ್ನು ಎತ್ತಿಕೊಳ್ಳುತ್ತಾರೆ, ಅದೂ ಸರಿಯಾದ ಅರ್ಥದಲ್ಲೇ: ಜಗಳ ಬಗೆಹರಿದಿಲ್ಲ, ಸದ್ಯಕ್ಕೆ ಬಾಯಿ ಮುಚ್ಚಿದೆ. ಹಳ್ಳಿಯ ಕಟ್ಟೆಯ ಮೇಲೆ ಈ ಪದ ಕೇಳಿಸುವುದಿಲ್ಲ. ಅಲ್ಲಿ ಹಿರಿಯರು ಕೂತು ಮಾಡಿಸುವುದು ‘ರಾಜಿ’. ರಾಜಿಯಾದ ಮೇಲೆ ಜಗಳ ಮುಗಿಯಬೇಕು ಎಂಬ ನಿರೀಕ್ಷೆ ಇರುತ್ತದೆ. ಕದನವಿರಾಮಕ್ಕೆ ಆ ಹೊರೆ ಇಲ್ಲ.

ಹತ್ತಿರದ ಇತರ ಪದಗಳಿಂದ ಇದನ್ನು ಬೇರೆಯಾಗಿ ಹಿಡಿಯಬೇಕು. ಸೇನಾಧಿಕಾರಿಗಳ ಮಟ್ಟದಲ್ಲಿ, ಬರೆದ ಷರತ್ತುಗಳೊಂದಿಗೆ, ಇಡೀ ರಣರಂಗಕ್ಕೆ ಅನ್ವಯವಾಗುವಂತೆ ಮಾಡಿಕೊಳ್ಳುವುದು ಯುದ್ಧವಿರಾಮ ಒಪ್ಪಂದ. ಯುದ್ಧವನ್ನು ಕಾನೂನಿನ ಕಣ್ಣಲ್ಲಿ ಮುಗಿಸುವುದು ಶಾಂತಿ ಒಪ್ಪಂದ. ಒಂದು ಕಡೆಯವರು ಹೋರಾಟದ ಹಕ್ಕನ್ನೇ ಬಿಟ್ಟುಕೊಡುವುದು ಶರಣಾಗತಿ. ಗಾಯಾಳುಗಳನ್ನು ಎತ್ತಿಕೊಳ್ಳಲು, ಹೆಣಗಳನ್ನು ಹೂಳಲು, ಊರಿನ ಜನರನ್ನು ಹೊರಗೆ ಸಾಗಿಸಲು ಕೆಲವು ತಾಸು ಗುಂಡು ನಿಲ್ಲಿಸುವುದೂ ಉಂಟು. 1949ರ ಜಿನೀವಾ ಒಪ್ಪಂದ ಇಂಥ ಸ್ಥಳೀಯ ಏರ್ಪಾಡುಗಳಿಗೆ ಪ್ರತ್ಯೇಕ ಅವಕಾಶ ಕೊಟ್ಟಿದೆ. ಬರೆಯುವವರು ಈ ಮೆಟ್ಟಿಲುಗಳನ್ನೆಲ್ಲ ಒಂದೇ ಪದದಲ್ಲಿ ತುಂಬಿಸಿಬಿಡುತ್ತಾರೆ. ಅದರಿಂದ ಆಗುವ ನಷ್ಟ ಸಣ್ಣದಲ್ಲ, ಏಕೆಂದರೆ ಮುಂದೆ ಯಾರು ಯಾವ ಮಾತಿಗೆ ತಪ್ಪಿದರು ಎಂದು ತೂಗುವ ತಕ್ಕಡಿಯೇ ಕಳೆದುಹೋಗುತ್ತದೆ.

ಕಾನೂನಿನ ಪುಸ್ತಕದಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಚಿಕ್ಕದು. 1907ರ ಹೇಗ್ ನಿಯಮಾವಳಿಯ 36ರಿಂದ 41ರವರೆಗಿನ ಆರು ವಿಧಿಗಳಲ್ಲಿ ಎಲ್ಲವೂ ಮುಗಿದಿದೆ. ಅವಧಿ ಗೊತ್ತುಮಾಡದಿದ್ದರೆ, ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಯುದ್ಧಕ್ಕೆ ಮರಳಬಹುದು. ಸುದ್ದಿಯನ್ನು ಸಂಬಂಧಪಟ್ಟ ಅಧಿಕಾರಿಗಳಿಗೂ ಪಡೆಗಳಿಗೂ ಸಕಾಲದಲ್ಲಿ ಮುಟ್ಟಿಸಬೇಕು. ಒಂದು ಪಕ್ಷ ಗಂಭೀರವಾಗಿ ಮಾತು ಮುರಿದರೆ ಇನ್ನೊಂದು ಪಕ್ಷ ಒಪ್ಪಂದವನ್ನೇ ತಳ್ಳಿಹಾಕಬಹುದು. ಆದರೆ ಸೇನೆಯ ಅಪ್ಪಣೆ ಇಲ್ಲದೆ ಖಾಸಗಿ ಜನ ತಾವಾಗಿ ಮುರಿದರೆ, ತಪ್ಪಿತಸ್ಥರಿಗೆ ಶಿಕ್ಷೆ ಅಥವಾ ನಷ್ಟಕ್ಕೆ ಪರಿಹಾರ ಕೇಳಬಹುದೇ ಹೊರತು ಯುದ್ಧ ಹೂಡುವಂತಿಲ್ಲ. ಬಿಳಿ ಬಾವುಟ ಹಿಡಿದು ಬಂದ ದೂತನ ಮೈಮುಟ್ಟಬಾರದು ಎಂಬ ನಿಯಮವೂ ಇದರ ಪಕ್ಕದಲ್ಲೇ, 32ನೆಯ ವಿಧಿಯಲ್ಲಿದೆ.

ಇವೆಲ್ಲ ಯುರೋಪಿನವರು ಬರೆದಿಟ್ಟದ್ದು ನಿಜ. ಆದರೆ ಕನ್ನಡ ನಾಡಿನ ಅರಸರಿಗೆ ಈ ವ್ಯವಹಾರ ಹೊಸದೇನೂ ಆಗಿರಲಿಲ್ಲ. ಅರ್ಥಶಾಸ್ತ್ರ ಅರಸನಿಗೆ ಹೇಳುವ ಆರು ನಡೆಗಳಲ್ಲಿ ಸಂಧಿ ಮೊದಲನೆಯದು, ವಿಗ್ರಹ ಎರಡನೆಯದು, ಸುಮ್ಮನೆ ಕೂತು ಕಾಯುವ ‘ಆಸನ’ ಮೂರನೆಯದು. ಇಂದಿನ ಎಷ್ಟೋ ಕದನವಿರಾಮಗಳು ಸಂಧಿಯ ವೇಷದ ಆಸನಗಳೇ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ‘ಸಂಧಿವಿಗ್ರಹಿ’ ಎಂಬ ಅಧಿಕಾರಿ ಪದೇಪದೇ ಕಾಣಿಸುತ್ತಾನೆ. ಕನ್ನಡ ಸಂಧಿವಿಗ್ರಹಿ, ಲಾಟ ಸಂಧಿವಿಗ್ರಹಿ ಎಂದು ಸೀಮೆವಾರು ಹುದ್ದೆಗಳೂ ಇದ್ದವು. ಯುದ್ಧ ಹೂಡುವುದೂ ನಿಲ್ಲಿಸುವುದೂ ಒಬ್ಬನದೇ ಖಾತೆ. ಈಗ ವಿದೇಶಾಂಗ ಮತ್ತು ರಕ್ಷಣಾ ಇಲಾಖೆಗಳು ಹಂಚಿಕೊಂಡ ಕೆಲಸವನ್ನು ಒಂದೇ ತಲೆ ಹೊರುತ್ತಿತ್ತು. ಕನ್ನಡದಲ್ಲಿ ಪಂಚತಂತ್ರ ಬರೆದ ದುರ್ಗಸಿಂಹ ಇಂಥ ಒಬ್ಬ ಸಂಧಿವಿಗ್ರಹಿ. ಕಾಗೆ ಗೂಬೆಗಳ ಹಗೆಯ ಕತೆಯನ್ನು ಕನ್ನಡಕ್ಕೆ ತಂದವನು ಕಚೇರಿಯಲ್ಲೂ ಅದೇ ವ್ಯವಹಾರ ನೋಡುತ್ತಿದ್ದ ಎಂಬುದು ಕಾಕತಾಳೀಯ ಇರಲಾರದು.

ದುರ್ಗಸಿಂಹನ ಒಡೆಯ ಎರಡನೆಯ ಜಯಸಿಂಹ. ಅವನಿಗೂ ರಾಜೇಂದ್ರ ಚೋಳನಿಗೂ ನಡೆದ ಮುಸಂಗಿಯ ಕಾಳಗವನ್ನು ಚೋಳರ ಶಾಸನಗಳು ತಮ್ಮ ಗೆಲುವೆಂದು ಹೇಳಿಕೊಂಡಿವೆ. ಆ ಮುಸಂಗಿ ಈಗಿನ ಮಸ್ಕಿಯೇ ಎಂದು ಹಲವು ವಿದ್ವಾಂಸರು ಗುರುತಿಸಿದ್ದಾರೆ. ಗೆಲುವಿನ ಮಾತು ಏನೇ ಇರಲಿ, ಕಾಳಗದ ನಂತರವೂ ಎಡೆದೊರೆ ನಾಡು ಚಾಲುಕ್ಯರ ಕೈ ತಪ್ಪಲಿಲ್ಲ. ಎರಡು ರಾಜ್ಯಗಳ ನಡುವಿನ ಗಡಿಯಾಗಿ ತುಂಗಭದ್ರೆ ಉಳಿಯಿತು. ಒಪ್ಪಂದದ ಓಲೆ ಇಲ್ಲ, ಸಾಕ್ಷಿಗಳ ಹೆಸರಿಲ್ಲ. ನದಿಯೇ ಕದನವಿರಾಮದ ರೇಖೆ. ಮತ್ತೆ ದಂಡು ಆ ರೇಖೆ ದಾಟಿ ಕೊಪ್ಪಂನಲ್ಲಿ, ಕೂಡಲ ಸಂಗಮದಲ್ಲಿ ಕಾದಾಡಿದ್ದೂ ಆಯಿತು.

ಮಸ್ಕಿ ಎಂದಾಗ ಅಶೋಕನ ಹೆಸರು ಬರಲೇಬೇಕು. ಗಣಿ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಇಲ್ಲಿನ ಬಂಡೆಯ ಮೇಲೆ ಕಂಡ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೆ ಅಶೋಕ ಎಂಬ ಹೆಸರೇ ಇತ್ತು. ಯುದ್ಧ ಬಿಟ್ಟ ಅರಸನ ಹೆಸರನ್ನು ಖಚಿತಪಡಿಸಿದ ಊರು ಎಂದು ಅದನ್ನು ಹೊಗಳುವುದು ರೂಢಿ. ಆದರೆ ಮಸ್ಕಿಯ ಬಂಡೆಯಲ್ಲಿ ಕಳಿಂಗ ಯುದ್ಧದ ಮಾತಿಲ್ಲ. ಅದು ಬರುವುದು ಹದಿಮೂರನೆಯ ದೊಡ್ಡ ಶಾಸನದಲ್ಲಿ. ಅಲ್ಲದೆ ಕಳಿಂಗದಲ್ಲಿ ಅಶೋಕ ಮಾಡಿದ್ದು ಕದನವಿರಾಮವೂ ಅಲ್ಲ. ಗೆದ್ದು ಮುಗಿಸಿದ ಮೇಲೆ ಪಶ್ಚಾತ್ತಾಪಪಟ್ಟ. ಎದುರಾಳಿ ಇನ್ನೂ ಕತ್ತಿ ಹಿಡಿದು ನಿಂತಿರುವಾಗ ಕೈ ತಡೆಯುವುದು ಬೇರೆಯೇ ಕಷ್ಟ.

ಎದುರಾಳಿ ನಿಂತಿರುವಾಗಲೇ ಯುದ್ಧ ನಿಲ್ಲಿಸುವ ಹಳೆಯ ಕ್ರಮಗಳಲ್ಲಿ ಹೆಚ್ಚಿನವು ಹೊತ್ತಿಗೆ ಕಟ್ಟುಬಿದ್ದಿದ್ದವು. ಮಹಾಭಾರತದಲ್ಲಿ ಸೂರ್ಯ ಮುಳುಗಿದೊಡನೆ ಪಡೆಗಳು ಬಿಡಾರಕ್ಕೆ ಮರಳುತ್ತವೆ. ಹದಿನಾಲ್ಕನೆಯ ದಿನ ಆ ಕಟ್ಟಳೆ ಮುರಿದು ಕಾಳಗ ಇರುಳಿಗೆ ಮುಂದುವರಿಯುತ್ತದೆ. ಆಗ ದಣಿದ ಸೈನಿಕರನ್ನು ಕಂಡು, ಚಂದ್ರ ಮೂಡುವ ತನಕ ಇದ್ದಲ್ಲೇ ಮಲಗಿ ಎಂದು ಅರ್ಜುನ ಸಾರುತ್ತಾನೆ. ಕೌರವರ ಕಡೆಯವರೂ ಒಪ್ಪುತ್ತಾರೆ. ಆನೆಯ ಮೇಲಿದ್ದವರು ಆನೆಯ ಮೇಲೆ, ರಥದಲ್ಲಿದ್ದವರು ರಥದಲ್ಲಿ ನಿದ್ದೆ ಹೋದರು. ಚಂದ್ರ ಮೂಡಿದ ಮೇಲೆ ಎದ್ದು ಮತ್ತೆ ಕಡಿದಾಡಿದರು. ಕದನವಿರಾಮ ಯುದ್ಧಕ್ಕೆ ವಿರೋಧಿಯಲ್ಲ, ಯುದ್ಧದೊಳಗಿನ ಒಂದು ಏರ್ಪಾಡು ಎಂಬುದನ್ನು ದ್ರೋಣಪರ್ವದ ಈ ಭಾಗದಷ್ಟು ಚೆನ್ನಾಗಿ ತೋರಿಸುವ ಮತ್ತೊಂದು ನಿದರ್ಶನ ಸಿಗುವುದು ಕಷ್ಟ.

ಅರಬರಲ್ಲಿ ವರ್ಷದ ನಾಲ್ಕು ತಿಂಗಳು ಕಾದಾಟ ನಿಷಿದ್ಧವಾಗಿತ್ತು. ಅವುಗಳಲ್ಲಿ ಒಂದಾದ ಮೊಹರಂನ ಹೆಸರಿನಲ್ಲೇ ಆ ನಿಷೇಧದ ಅರ್ಥ ಇದೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲು ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ಮೊಹರಂಗೆ ಹೆಸರಾಗಿದೆ. ದಕ್ಖನಿನಲ್ಲಿ ಅತಿ ಹೆಚ್ಚು ಸಲ ಮುತ್ತಿಗೆ ಕಂಡ ಕೋಟೆಗಳಲ್ಲಿ ಒಂದು ಇರುವುದೂ ಅಲ್ಲೇ. ಗ್ರೀಕರು ಒಲಿಂಪಿಕ್ ಆಟಗಳಿಗೆ ಹೋಗಿಬರುವವರಿಗಾಗಿ ವಿರಾಮ ಸಾರುತ್ತಿದ್ದರು. ಹನ್ನೊಂದನೆಯ ಶತಮಾನದ ಯುರೋಪಿನಲ್ಲಿ ಚರ್ಚು ವಾರದ ಕೆಲವು ದಿನ ಕಾದಾಟ ಕೂಡದೆಂದು ವಿಧಿಸಿತು. ದಕ್ಖನಿನಲ್ಲಿ ಈ ಕೆಲಸವನ್ನು ಮಳೆಗಾಲ ಮಾಡುತ್ತಿತ್ತು. ಎರೆಮಣ್ಣು ನೆನೆದರೆ ಬಂಡಿಯ ಗಾಲಿ ಹೂತುಹೋಗುತ್ತದೆ, ತುಂಬಿದ ಹೊಳೆ ದಾರಿ ಕಟ್ಟುತ್ತದೆ, ದಂಡಿನಲ್ಲಿದ್ದವರಿಗೆ ಹೊಲದ ಕೆಲಸ ಕರೆಯುತ್ತದೆ. ವಿಜಯದಶಮಿಯಂದು ಬನ್ನಿ ಮುಡಿದು ಸೀಮೋಲ್ಲಂಘನ ಮಾಡುವ ಪದ್ಧತಿ ಆ ಬಿಡುವು ಮುಗಿಯಿತೆಂಬುದರ ಗುರುತು. 1520ರ ರಾಯಚೂರು ಕಾಳಗ ಮೇ 19ರಂದು, ಅಂದರೆ ಮುಂಗಾರಿಗೆ ತುಸು ಮೊದಲು ನಡೆಯಿತೆಂಬುದನ್ನು ಇದರ ಜೊತೆಗಿಟ್ಟು ಓದಬಹುದು.

ಬಹಮನಿ ಮತ್ತು ವಿಜಯನಗರದ ಜಗಳಗಳಲ್ಲಿ ಯುದ್ಧ ನಿಂತ ಬಗೆಯ ಬಗ್ಗೆ ಒಳ್ಳೆಯ ಕತೆಗಾರ ಫೆರಿಶ್ತಾ. ಬಿಜಾಪುರದ ಆಸ್ಥಾನದಲ್ಲಿ, ಘಟನೆಗಳು ನಡೆದು ಎರಡು ಶತಮಾನದ ಮೇಲೆ ಬರೆದ ಈ ಇತಿಹಾಸಕಾರ ಸುಲ್ತಾನರ ಪಕ್ಷಪಾತಿ. ಅವನು ಕೊಡುವ ಸಾವಿನ ಸಂಖ್ಯೆಗಳನ್ನು ನಂಬಬೇಕಾಗಿಲ್ಲ. ಅವನ ಪ್ರಕಾರ, ಮೊದಲನೆಯ ಮಹಮದ್ ಶಹಾ ಒಂದು ಔತಣದಲ್ಲಿ ಸಂತೋಷಗೊಂಡು ಹಾಡುಗಾರರ ಸಂಭಾವನೆಯನ್ನು ವಿಜಯನಗರದ ಬೊಕ್ಕಸದಿಂದ ಕೊಡಿಸುವಂತೆ ಹುಕುಂ ಬರೆದ. ಹುಕುಂ ಒಯ್ದವನಿಗೆ ಅಲ್ಲಿ ಅವಮಾನವಾಯಿತು. ವಿಜಯನಗರದ ದಂಡು ಮುದಗಲ್ಲನ್ನು ಹಿಡಿಯಿತು, ಸುಲ್ತಾನ ಲಕ್ಷ ಜನರನ್ನು ಕೊಲ್ಲುವುದಾಗಿ ಶಪಥ ಮಾಡಿದ, 1366-67ರಲ್ಲಿ ಘೋರ ಕೊಲೆ ನಡೆಯಿತು. ಕೊನೆಗೆ ಸಂಧಿಗೆ ಬಂದ ದೂತರಿಗೆ ಸುಲ್ತಾನ ಇಟ್ಟ ಬೇಡಿಕೆ, ಹಾಡುಗಾರರ ಹಣ ಸಲ್ಲಬೇಕು ಎಂಬುದಷ್ಟೇ. ಹಣ ಸಂದಿತು. ಆ ಹೊತ್ತಿನಲ್ಲಿ ದೂತರು ಧೈರ್ಯಮಾಡಿ, ತಪ್ಪಿಲ್ಲದವರನ್ನು ಕೊಲ್ಲುವುದು ಇನ್ನು ಬೇಡ ಎಂದು ಕೇಳಿಕೊಂಡರು; ಮುಂದಿನ ಯುದ್ಧಗಳಲ್ಲಿ ನಿರಾಯುಧರನ್ನೂ ಸೆರೆಸಿಕ್ಕವರನ್ನೂ ಕೊಲ್ಲುವುದಿಲ್ಲವೆಂದು ಮಾತಾಯಿತು ಎನ್ನುತ್ತಾನೆ ಫೆರಿಶ್ತಾ.

ಕತೆಯ ಅರ್ಧ ಭಾಗ ಅಲಂಕಾರ ಇರಬಹುದು. ಆದರೂ ಅದರೊಳಗಿನ ಒಂದು ವಿಷಯ ಗಮನಿಸಬೇಕಾದದ್ದು. ಯುದ್ಧ ನಿಂತ ಗಳಿಗೆಯಲ್ಲಿ ಮಾತ್ರ ಯುದ್ಧದ ನಿಯಮಗಳ ಬಗ್ಗೆ ಮಾತಾಡಲು ಸಾಧ್ಯವಾಯಿತು. ದೋಆಬ್ ಯಾರದೆಂಬುದು ತೀರ್ಮಾನವಾಗಲಿಲ್ಲ. ಫಿರೋಜ್ ಶಹಾನ ಕಾಲದಲ್ಲಿ, ಎರಡನೆಯ ದೇವರಾಯನ ಕಾಲದಲ್ಲಿ ಅದೇ ಮುದಗಲ್ಲಿಗಾಗಿ ಮತ್ತೆ ಕಾದಾಟ ನಡೆಯಿತು.

ಕೃಷ್ಣದೇವರಾಯನ ರಾಯಚೂರು ದಂಡಯಾತ್ರೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಬರೆದಿಟ್ಟಿದ್ದಾನೆ. ವಿಜಯನಗರಕ್ಕೂ ಆದಿಲಶಾಹಿಗೂ ಆಗ ಶಾಂತಿ ಇತ್ತು. ಅದರ ಷರತ್ತುಗಳಲ್ಲಿ ಒಂದು: ಒಂದು ಕಡೆಯಿಂದ ಓಡಿಬಂದ ಸಾಲಗಾರರನ್ನು, ಅಪರಾಧಿಗಳನ್ನು ಇನ್ನೊಂದು ಕಡೆಯವರು ಇಟ್ಟುಕೊಳ್ಳದೆ ಒಪ್ಪಿಸಬೇಕು. ಕುದುರೆ ಕೊಳ್ಳಲು ರಾಯರು ಕೊಟ್ಟ 40,000 ಪರ್ದಾವು ನಾಣ್ಯಗಳೊಂದಿಗೆ ಒಬ್ಬ ವ್ಯಾಪಾರಿ ಆದಿಲಶಾಹನ ಸೀಮೆಗೆ ಓಡಿಹೋದ. ಕೇಳಿದರೂ ಒಪ್ಪಿಸಲಿಲ್ಲ. ಒಪ್ಪಂದ ಮುರಿಯಿತೆಂದು ರಾಯರು ದಂಡೆತ್ತಿದರು. ಓಡಿಹೋದ ಒಬ್ಬ ವ್ಯಾಪಾರಿಗಾಗಿ ಅಷ್ಟು ದೊಡ್ಡ ದಂಡು ಎದ್ದಿತೆಂದು ಯಾರೂ ನಂಬುವುದಿಲ್ಲ. ರಾಯಚೂರು ಕೋಟೆಯ ಮೇಲೆ ಕಣ್ಣಿತ್ತು, ನೆಪ ಬೇಕಿತ್ತು. ಆದರೆ ನೆಪವನ್ನು ಒಪ್ಪಂದದ ಷರತ್ತಿನೊಳಗಿಂದಲೇ ಹುಡುಕಿದ್ದು ಗಮನಾರ್ಹ. ಮಾತು ಮುರಿದವನು ಎದುರಿನವನೇ ಎಂದು ತೋರಿಸಿಕೊಳ್ಳುವ ಅಗತ್ಯ ಅಂದೂ ಇತ್ತು.

ಗೆದ್ದ ಮೇಲಿನ ಪ್ರಸಂಗ ಇನ್ನೂ ಸ್ವಾರಸ್ಯದ್ದು. ಇಸ್ಮಾಯಿಲ್ ಆದಿಲಶಾಹನ ದೂತ ಬಂದು, ಹಿಡಿದ ಫಿರಂಗಿ, ಡೇರೆ, ಕುದುರೆ, ಆನೆಗಳನ್ನೂ ರಾಯಚೂರನ್ನೂ ಹಿಂತಿರುಗಿಸಿ ಗೆಳೆಯರಾಗಿರೋಣ ಎಂದ. ಆದಿಲಶಾಹ ಬಂದು ತನ್ನ ಪಾದಕ್ಕೆ ಮುತ್ತಿಟ್ಟರೆ ಎಲ್ಲವನ್ನೂ ಕೊಡುವುದಾಗಿ ರಾಯರು ಹೇಳಿದರು. ಭೇಟಿಗೆ ಗೊತ್ತಾದದ್ದು ಮುದಗಲ್ಲಿನ ಕಡೆಯ ಗಡಿ. ರಾಯರು ಅಲ್ಲಿಗೆ ಹೋದರು, ಆದಿಲಶಾಹ ಬರಲಿಲ್ಲ. ಕಾದು ಬೇಸತ್ತ ದಂಡು ಬಿಜಾಪುರದ ತನಕ ನಡೆಯಿತು, ನಗರ ಹಾಳಾಯಿತು. ಸೋತವನ ಮುಖ ಉಳಿಯದಂಥ ಷರತ್ತು ಹಾಕಿದರೆ ವಿರಾಮ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ದಕ್ಖನಿನ ಇತಿಹಾಸದಲ್ಲಿ ಇಲ್ಲ. ಕೃಷ್ಣದೇವರಾಯ ತೀರಿಹೋದ ಸ್ವಲ್ಪ ಕಾಲಕ್ಕೇ ಆದಿಲಶಾಹ ರಾಯಚೂರು ಮುದಗಲ್ಲುಗಳನ್ನು ಮರಳಿ ಪಡೆದ.

ಕಾಗದದ ಮೇಲೆ ಸಹಿ ಹಾಕಿ, ತಾರೀಖು ಗಂಟೆ ನಮೂದಿಸುವ ಆಧುನಿಕ ರೀತಿಯ ಕದನವಿರಾಮ ಕನ್ನಡ ನಾಡಿಗೆ ಬಂದದ್ದು ಮೈಸೂರು ಯುದ್ಧಗಳ ಜೊತೆಗೆ. 1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಕರ್ನಲ್ ಕ್ಯಾಂಬೆಲ್‌ನ ಪಡೆ. ಟಿಪ್ಪುವಿನ ಪಕ್ಕದಲ್ಲಿ ಫ್ರೆಂಚರು ಕಾದುತ್ತಿದ್ದರು. ಅಷ್ಟರಲ್ಲಿ ಯುರೋಪಿನಲ್ಲಿ ಇಂಗ್ಲೆಂಡ್ ಫ್ರಾನ್ಸ್‌ಗಳ ಜಗಳ ನಿಂತ ಸುದ್ದಿ ಹಡಗಿನಲ್ಲಿ ಬಂತು. ಅಲ್ಲಿ ಸಹಿಯಾದದ್ದು ಜನವರಿಯಲ್ಲಿ. ತಮ್ಮ ದೇಶಕ್ಕೆ ಯುದ್ಧವೇ ಇಲ್ಲವೆಂದು ಗೊತ್ತಾದ ಮೇಲೆ ಫ್ರೆಂಚರು ಕೈ ಹಿಂತೆಗೆದರು, ಟಿಪ್ಪು ಸಿಟ್ಟಾದ, ಆದರೂ ಆಗಸ್ಟ್ 2ರಂದು ಕೋಟೆಯವರೊಂದಿಗೆ ವಿರಾಮದ ಒಪ್ಪಂದ ಆಯಿತು. ಕೋಟೆಯೊಳಗಿನವರಿಗೆ ಆಹಾರ ಕೊಳ್ಳಲು ಬಜಾರು ನಡೆಯಬೇಕೆಂಬುದು ಅದರ ಮುಖ್ಯ ಷರತ್ತು. ಆ ಬಜಾರಿಗೆ ಸಾಮಾನು ಬಾರದಂತೆ ಮಾಡಿದರೆಂದು ಇಂಗ್ಲಿಷರು ದೂರಿದರು. ಗುಂಡು ಹಾರದೆಯೇ, ಹಸಿವು ಮತ್ತು ಸ್ಕರ್ವಿ ರೋಗದಿಂದ ಪಡೆ ಸವೆಯಿತು. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಬಿಟ್ಟುಕೊಟ್ಟ. ಮಾರ್ಚ್ 11ಕ್ಕೆ ಮಂಗಳೂರು ಒಪ್ಪಂದ ಸಹಿಯಾಯಿತು. ವಿರಾಮದ ಕಾಲದಲ್ಲಿ ಯಾರು ಏನು ಉಣ್ಣಬೇಕೆಂಬುದನ್ನು ಸರಿಯಾಗಿ ಬರೆದುಕೊಳ್ಳದಿದ್ದರೆ ವಿರಾಮವೇ ಮುತ್ತಿಗೆಯ ಅಸ್ತ್ರವಾಗುತ್ತದೆ.

1792ರಲ್ಲಿ ಪಾತ್ರಗಳು ಅದಲುಬದಲಾದವು. ಫೆಬ್ರವರಿ 6ರ ರಾತ್ರಿ ಇಂಗ್ಲಿಷರ ದಂಡನಾಯಕ ಕಾರ್ನ್‌ವಾಲಿಸ್‌ನ ಪಡೆ ಶ್ರೀರಂಗಪಟ್ಟಣದ ಹೊರವಲಯಕ್ಕೆ ನುಗ್ಗಿತು. ತಿಂಗಳ ಕೊನೆಗೆ ಪ್ರಾಥಮಿಕ ಷರತ್ತುಗಳಿಗೆ ಸಹಿ ಬಿದ್ದು ಗುಂಡು ನಿಂತಿತು. ಜಾಮೀನಾಗಿ ಟಿಪ್ಪುವಿನ ಇಬ್ಬರು ಮಕ್ಕಳು, ಅಬ್ದುಲ್ ಖಾಲಿಕ್ ಮತ್ತು ಮುಯಿಜುದ್ದೀನ್, ಇಂಗ್ಲಿಷರ ಬಿಡಾರಕ್ಕೆ ಹೋದರು. ಅಂತಿಮ ಒಪ್ಪಂದವಾದದ್ದು ಮಾರ್ಚ್ 18ರಂದು. ನಡುವಿನ ಮೂರು ವಾರ ನೆಮ್ಮದಿಯದಾಗಿರಲಿಲ್ಲ: ಕೊಡಗನ್ನು ಬಿಟ್ಟುಕೊಡಬೇಕೆಂದು ಕೇಳಿದಾಗ ಟಿಪ್ಪು ಕೆರಳಿದ, ಕಾರ್ನ್‌ವಾಲಿಸ್ ಮತ್ತೆ ಮುತ್ತಿಗೆಗೆ ಸಿದ್ಧತೆ ಮಾಡಿಸಿದ. ಮಕ್ಕಳು ಎದುರಿನವರ ಡೇರೆಯಲ್ಲಿದ್ದ ಕಾರಣ ಟಿಪ್ಪು ತಗ್ಗಬೇಕಾಯಿತು. ಅರ್ಧ ರಾಜ್ಯ ಮತ್ತು 3 ಕೋಟಿ 30 ಲಕ್ಷ ರೂಪಾಯಿ ಬೆಲೆ ತೆತ್ತ.

ಸಹಿಗೂ ಜಾರಿಗೂ ನಡುವಿನ ಅಂತರ ತಂತಿ ಬಂದ ಮೇಲೂ ಹೋಗಲಿಲ್ಲ. 1918ರ ಅಕ್ಟೋಬರ್ 26ರಂದು ಸಿರಿಯಾದ ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರದ ಸವಾರರು ತುರ್ಕಿ ಪಡೆಯ ಮೇಲೆ ನುಗ್ಗಿ ಸಾವುನೋವು ಅನುಭವಿಸಿದರು. ನಾಲ್ಕು ದಿನದ ಮೇಲೆ, 30ರಂದು, ಮುದ್ರೋಸ್‌ನಲ್ಲಿ ತುರ್ಕಿಯೊಂದಿಗೆ ಯುದ್ಧವಿರಾಮಕ್ಕೆ ಸಹಿಯಾಯಿತು. ಜಾರಿಗೆ ಬಂದದ್ದು ಮರುದಿನ ನಡುಹಗಲು. ಜರ್ಮನಿಯೊಂದಿಗಿನ ನವೆಂಬರ್ 11ರ ಹೆಸರಾಂತ ಒಪ್ಪಂದಕ್ಕೆ ಬೆಳಗಿನ ಜಾವ ಸಹಿ ಬಿತ್ತು, ಹನ್ನೊಂದು ಗಂಟೆಗೆ ಜಾರಿಯಾಯಿತು. ಆ ನಡುವೆಯೂ ಜನ ಸತ್ತರು. ಅಮೆರಿಕದ ಸೈನಿಕ ಹೆನ್ರಿ ಗುಂತರ್ ಬಿದ್ದದ್ದು 10 ಗಂಟೆ 59 ನಿಮಿಷಕ್ಕೆ.

ಈಗ ಸೆಪ್ಟೆಂಬರ್ 17ರ ಮಾತು. ರಾಯಚೂರು, ಲಿಂಗಸುಗೂರು, ಸಂತೆಕಲ್ಲೂರು ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ದೇಶ ಸ್ವತಂತ್ರವಾದಾಗ ನಿಜಾಮ ಮೀರ್ ಉಸ್ಮಾನ್ ಅಲಿಖಾನ್ ಯಾವ ಕಡೆಗೂ ಸೇರಲಿಲ್ಲ. 1947ರ ನವೆಂಬರ್ 29ರಂದು ಭಾರತ ಸರ್ಕಾರದೊಂದಿಗೆ ಒಂದು ವರ್ಷದ ‘ಯಥಾಸ್ಥಿತಿ ಒಪ್ಪಂದ’ ಆಯಿತು. ಅದು ಯುದ್ಧಕ್ಕೆ ಮೊದಲೇ ಬಂದ ವಿರಾಮ: ಇದ್ದದ್ದು ಇದ್ದಹಾಗೆ ಇರಲಿ, ಮುಂದೆ ನೋಡೋಣ.

ಇದ್ದದ್ದು ಇದ್ದಹಾಗೆ ಇರಲಿಲ್ಲ. ಕಾಸಿಂ ರಜವಿಯ ಮುಂದಾಳುತನದ, ನಿಜಾಮನ ಪರವಾದ ರಜಾಕಾರರ ಪಡೆ ಹಳ್ಳಿಗಳ ಮೇಲೆ ಬಿತ್ತು. ಗಡಿಯಾಚೆ ಮುಂಡರಗಿಯಂಥ ಕಡೆ ಅಳವಂಡಿ ಶಿವಮೂರ್ತಿ ಸ್ವಾಮಿಗಳಂಥವರ ಮುಂದಾಳುತನದಲ್ಲಿ ಹೋರಾಟಗಾರರ ಶಿಬಿರಗಳೆದ್ದವು. ಸಂಸ್ಥಾನ ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟದ್ದು ಒಪ್ಪಂದದ ಉಲ್ಲಂಘನೆ ಎಂದು ದೆಹಲಿ ಹೇಳಿತು. ಸರಕು ಬಾರದಂತೆ ದಿಗ್ಬಂಧ ಹಾಕಿದ್ದು ಉಲ್ಲಂಘನೆ ಎಂದು ಹೈದರಾಬಾದ್ ಹೇಳಿತು. ಹೇಗ್ ನಿಯಮಾವಳಿಯ ಖಾಸಗಿ ಜನರ ವಿಧಿಯನ್ನು ಇಲ್ಲಿ ನೆನೆಯಬೇಕು: ರಜಾಕಾರರು ಖಾಸಗಿ ಜನರೋ ಸರ್ಕಾರದ ಕೈಯೋ ಎಂಬುದೇ ಜಗಳದ ತಿರುಳಾಗಿತ್ತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ನಾಲ್ಕೂ ಕಡೆಯಿಂದ ಒಳಬಂತು. ತುಂಗಭದ್ರೆಯ ದಡದಲ್ಲಿ, ಹೊಸಪೇಟೆಯ ಕಡೆಯಿಂದ ನಡೆದ ಕಾರ್ಯಾಚರಣೆಯಲ್ಲಿ ಮೈಸೂರಿನ ಪದಾತಿಯೂ ಇತ್ತು. ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆ ಬಂದ ಹೊತ್ತಿಗೆ ಯುದ್ಧ ಮುಗಿಯುತ್ತ ಬಂದಿತ್ತು. 17ರಂದು ಸಂಸ್ಥಾನದ ಪ್ರಧಾನಿ ಲಾಯಕ್ ಅಲಿಯ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಸಂಜೆ 5 ಗಂಟೆಗೆ ನಿಜಾಮ ಕದನವಿರಾಮ ಸಾರಿದ. ರೇಡಿಯೊದಲ್ಲಿ ಅವನ ಭಾಷಣ ಬಂತು. ಮರುದಿನ, 18ರಂದು, ಸಂಸ್ಥಾನದ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ. ಎನ್. ಚೌಧರಿಗೆ ಶರಣಾದ. ಅಂದರೆ ಕದನವಿರಾಮಕ್ಕೂ ಶರಣಾಗತಿಗೂ ಒಂದು ರಾತ್ರಿಯ ಅಂತರ. ಜನ ಹಬ್ಬಕ್ಕೆ ಆರಿಸಿಕೊಂಡದ್ದು ಮೊದಲನೆಯ ದಿನವನ್ನು. ಹೈದರಾಬಾದ್ ಕರ್ನಾಟಕ ವಿಮೋಚನಾ ದಿನವೆಂದು, 2019ರಲ್ಲಿ ಪ್ರದೇಶದ ಹೆಸರು ಬದಲಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ದಿನವೆಂದು ಅದು ಆಚರಣೆಯಲ್ಲಿದೆ.

ಆ ಸಂಜೆಯ ಘೋಷಣೆ ಕಟ್ಟಿಹಾಕಿದ್ದು ಎರಡು ಸೇನೆಗಳನ್ನು ಮಾತ್ರ. ಹಳ್ಳಿಗಳಲ್ಲಿ ಸೇಡಿನ ಕೊಲೆ, ಲೂಟಿ ನಡೆದವು. ಈ ಸಲ ಬಲಿಯಾದವರಲ್ಲಿ ಹೆಚ್ಚಿನವರು ಮುಸ್ಲಿಮರು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರ ತಂಡ, ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಆ ಸೈನಿಕ ಕ್ರಮದ ಕಾಲದಲ್ಲೂ ಅದರ ನಂತರವೂ ಇಡೀ ಸಂಸ್ಥಾನದಲ್ಲಿ ಸತ್ತವರು, ತೀರಾ ಕಡಿಮೆ ಅಂದಾಜಿನಲ್ಲೂ, 27 ಸಾವಿರದಿಂದ 40 ಸಾವಿರ ಎಂದು ಬರೆಯಿತು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರ ಸೇರಿದ್ದವು. ದಶಕಗಳ ಕಾಲ ವರದಿ ಬೆಳಕು ಕಾಣಲಿಲ್ಲ. ಕದನವಿರಾಮದ ಚರಿತ್ರೆ ಬರೆಯುವವರು ಸೇನೆಗಳ ಗಡಿಯಾರ ನೋಡಿ ಪೆನ್ನು ಮುಚ್ಚಿಬಿಡುವುದು ದೊಡ್ಡ ದೋಷ.

ಅದೇ ಕಾಲದಲ್ಲಿ ಕಾಶ್ಮೀರದಲ್ಲಿ ಭಾರತ ಪಾಕಿಸ್ತಾನಗಳ ನಡುವೆ ಇನ್ನೊಂದು ಯುದ್ಧ ನಡೆದಿತ್ತು. ಅಲ್ಲಿ 1949ರ ಜನವರಿ 1ಕ್ಕೆ ಕದನವಿರಾಮವಾಗಿ, ಜುಲೈ 27ರ ಕರಾಚಿ ಒಪ್ಪಂದದಲ್ಲಿ ರೇಖೆ ಎಳೆದಾಯಿತು. ಪಶ್ಚಿಮ ಕಮಾಂಡಿನಲ್ಲಿದ್ದ ಕೊಡಗಿನ ಕೆ. ಎಂ. ಕಾರ್ಯಪ್ಪ ಎರಡು ವಾರದ ಮೇಲೆ, ಜನವರಿ 15ರಂದು, ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1965ರಲ್ಲಿ ಸೆಪ್ಟೆಂಬರ್ 23ರ ನಸುಕಿನ ಮೂರೂವರೆಗೆ ಗುಂಡು ನಿಂತಿತು. 1971ರ ಡಿಸೆಂಬರ್ 17ರಂದು ಪಶ್ಚಿಮದಲ್ಲಿ ಭಾರತವೇ ಏಕಪಕ್ಷೀಯವಾಗಿ ನಿಲ್ಲಿಸಿತು. ಮರುವರ್ಷದ ಸಿಮ್ಲಾ ಒಪ್ಪಂದದ ಮೇಲೆ ಹಳೆಯ ಕದನವಿರಾಮ ರೇಖೆ ಹೋಗಿ ನಿಯಂತ್ರಣ ರೇಖೆ ಬಂತು. 2003ರ ನವೆಂಬರ್, 2021ರ ಫೆಬ್ರವರಿಗಳಲ್ಲಿ ಮತ್ತೆ ಮಾತಾಯಿತು. 2025ರ ಮೇ 10ರಂದು ಎರಡೂ ಸೇನೆಗಳ ಕಾರ್ಯಾಚರಣೆ ಮಹಾನಿರ್ದೇಶಕರು ಫೋನಿನಲ್ಲಿ ಮಾತಾಡಿ, ಸಂಜೆ 5ರಿಂದ ನೆಲ, ಆಕಾಶ, ಸಮುದ್ರಗಳಲ್ಲಿ ಎಲ್ಲ ಸೈನಿಕ ಕ್ರಮ ನಿಲ್ಲಿಸುವುದೆಂದು ಒಪ್ಪಿದರು. ವಿದೇಶಾಂಗ ಕಾರ್ಯದರ್ಶಿ ವಿಕ್ರಂ ಮಿಸ್ರಿ ಅದನ್ನು ಪ್ರಕಟಿಸಿದರು. ಭಾರತ ಅದನ್ನು ‘ತಿಳಿವಳಿಕೆ’ ಎಂದೇ ಕರೆಯಿತು. ಮರುದಿನದ ಪತ್ರಿಕೆಗಳು ಕದನವಿರಾಮ ಎಂದು ಬರೆದವು.

ಕದನವಿರಾಮಗಳನ್ನು ಕಾಯುವ ಕೆಲಸದಲ್ಲಿ ಹೆಸರಾದ ಕನ್ನಡ ನಾಡಿನವರೊಬ್ಬರಿದ್ದಾರೆ: ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯ. 1948ರ ನವೆಂಬರ್ 1ರಂದು ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಗೆದ್ದವರು, ಎರಡು ತಿಂಗಳಲ್ಲಿ ಕದನವಿರಾಮ ಕಂಡರು. ಕೊರಿಯಾದಲ್ಲಿ 1953ರ ಜುಲೈ 27ರಂದು ಯುದ್ಧವಿರಾಮವಾದಾಗ, ತಾಯ್ನಾಡಿಗೆ ಮರಳಲೊಲ್ಲದ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಕೊರಿಯನ್ ಯುದ್ಧಕೈದಿಗಳ ಗತಿ ಏನು ಎಂಬ ಪ್ರಶ್ನೆ ಉಳಿಯಿತು. ಅದನ್ನು ಬಿಡಿಸಲು ರಚಿಸಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರಾದರು. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದವು, ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಕೈದಿಗಳ ಶಿಬಿರಗಳೊಳಗೆ ಅವರವರದೇ ಮುಖಂಡರ ಕಾರುಬಾರು. ಯಾವ ಕಡೆಗೂ ಹೋಗಲೊಲ್ಲದ ಎಂಬತ್ತಕ್ಕೂ ಹೆಚ್ಚು ಮಂದಿಯನ್ನು ಭಾರತೀಯ ಪಡೆ ತನ್ನ ಜೊತೆ ಹಡಗಿನಲ್ಲಿ ಭಾರತಕ್ಕೆ ಕರೆತಂದಿತು. ಕೊರಿಯಾದ ಒಪ್ಪಂದ ಶಾಂತಿ ಒಪ್ಪಂದವಾಗಿ ಇನ್ನೂ ಬದಲಾಗಿಲ್ಲ.

ನಿವೃತ್ತಿಯ ನಂತರ, 1964ರಲ್ಲಿ, ತಿಮ್ಮಯ್ಯ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಗ್ರೀಕ್ ಮತ್ತು ತುರ್ಕಿ ಸೈಪ್ರಿಯಟರ ನಡುವೆ ನಿಂತು ಗುಂಡು ಹಾರದಂತೆ ನೋಡಿಕೊಳ್ಳುವ ಕೆಲಸ. 1965ರ ಡಿಸೆಂಬರ್ 18ರಂದು ಅಲ್ಲೇ, ಹುದ್ದೆಯಲ್ಲಿದ್ದಾಗಲೇ ತೀರಿಕೊಂಡರು. ಸೈಪ್ರಸ್ 1966ರಲ್ಲಿ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. 1974ರ ಆಗಸ್ಟಿನಲ್ಲಿ ಎಳೆದ ಕದನವಿರಾಮ ರೇಖೆಗಳ ನಡುವೆ ಆ ಪಡೆ ಇಂದಿಗೂ ಕಾವಲು ನಿಂತಿದೆ.